ಚಕ್ರದ ನಡುವೆ ಒಂದು ಭತ್ತದ ಕಾಳು

ಇವತ್ತಿಗೂ ಯಾರಾದರೂ ನನ್ನ ಕೈಗೆ ಲಕೋಟೆ ಕೊಟ್ಟರೆ ಒಡೆಯುವ ಮೊದಲು ಅದರ ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮದುವೆಯ ಕರೆಯೋಲೆಯಾಗಲಿ, ಕರೆಂಟು ಬಿಲ್ಲಾಗಲಿ, ಬ್ಯಾಂಕಿನವರ ಕಾಗದವಾಗಲಿ, ಮೊದಲು ಒತ್ತುವುದು, ಉಳಿದದ್ದು ಆಮೇಲೆ. ನನ್ನ ಸೊಸೆಗೆ ಇದು ನೋಡಿ ನೋಡಿ ಅಭ್ಯಾಸವಾಗಿದೆ. ಮೊಮ್ಮಕ್ಕಳು ಮಾತ್ರ ಅಜ್ಜಿ ಅದರೊಳಗೆ ಎಂತ ಹುಡುಕ್ತಾಳೆ ಎಂದು ನಗುತ್ತವೆ. ನಗಲಿ. ಬಾಗಿಲ ಚಿಲಕವನ್ನು ಹಾಕಿದ ಮೇಲೂ ಎಳೆದು ನೋಡುವುದು, ಮಗ ಊಟದ ಹೊತ್ತಿಗೆ ಬರದಿದ್ದರೆ ಗೇಟಿನ ಬಳಿ ಹೋಗಿ ನಿಲ್ಲುವುದು, ಟಪಾಲಿನವನ ನಡಿಗೆ ನೋಡಿ ಕಾಗದ ಒಳ್ಳೆಯದೋ ಕೆಟ್ಟದ್ದೋ ಎಂದು ಅಂದಾಜು ಮಾಡುವುದು, ಇವೆಲ್ಲ ನಾನು ಹುಟ್ಟುವಾಗ ತಂದದ್ದಲ್ಲ. ಬಿಕರ್ನಕಟ್ಟೆಯ ನಮ್ಮ ಹಳೆಯ ಮನೆಯಲ್ಲಿ, ಚೀನಾದ ಜೊತೆ ಯುದ್ಧವಾದ ವರ್ಷ, ಊಟದ ಮೇಜಿನ ಮೇಲೆ ಕಾಗದದ ಬಾವುಟ ಅಂಟಿಸುತ್ತಾ ಕಲಿತದ್ದು.

ಆ ಮನೆಯಲ್ಲಿ ದೊಡ್ಡದು ಎನ್ನುವಂಥದ್ದು ಆ ಮೇಜು ಒಂದೇ. ಹಲಸಿನ ಹಲಗೆಯದ್ದು, ಅಜ್ಜ ಮಾಡಿಸಿದ್ದು, ಒಂದು ಕಾಲು ಸ್ವಲ್ಪ ಗಿಡ್ಡ. ಆ ಕಾಲಿನ ಅಡಿಗೆ ಒಂದು ಒಡೆದ ಹಂಚಿನ ತುಂಡು, ಪಪ್ಪಾ ಗುಮಾಸ್ತರಾಗಿದ್ದ ಹಂಚಿನ ಕಾರ್ಖಾನೆಯಿಂದ ಬಂದದ್ದು. ಮೇಜಿನ ಎದುರಿನ ಗೋಡೆಯಲ್ಲಿ ನಮ್ಮ ಆಲ್ತಾರ್: ಒಂದು ಮರದ ಗೂಡು, ಒಳಗೆ ಮರಿಯ ಮಾತೆಯ ಪ್ರತಿಮೆ, ಮುಂದೆ ಎಣ್ಣೆಯ ದೀಪ. ಸಂಜೆ ಅದರ ಮುಂದೆ ಮೊಣಕಾಲೂರಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿಯದೆ ಯಾರಿಗೂ ಗಂಜಿ ಇಲ್ಲ. ಅಮ್ಮನನ್ನು ನಾವು ಮಾಂಯ್ ಎಂದು ಕರೆಯುತ್ತಿದ್ದೆವು. ಮನೆಯೊಳಗೆ ಕೊಂಕಣಿ, ಬೇಲಿಯಾಚೆ ನೆರೆಮನೆಯ ಕಮಲಕ್ಕನ ಜೊತೆ ತುಳು, ಶಾಲೆಯಲ್ಲಿ ಕನ್ನಡ. ಇಲ್ಲಿ ಎಲ್ಲರ ಬಾಯಲ್ಲೂ ನಾನು ಕನ್ನಡವನ್ನೇ ಇಡುತ್ತಿದ್ದೇನೆ. ಆಕ್ಷೇಪ ಮಾಡಬೇಕಾದವರು ಯಾರೂ ಈಗ ಉಳಿದಿಲ್ಲ.

ನಾವು ಇಬ್ಬರೇ ಮಕ್ಕಳು, ಅಣ್ಣ ಗ್ರೆಗರಿ ಮತ್ತು ನಾನು. ನಡುವೆ ಹುಟ್ಟಿದ ಎರಡು ಉಳಿಯಲಿಲ್ಲ. ಆದ್ದರಿಂದ ಗ್ರೆಗು ನನಗಿಂತ ತುಂಬಾ ದೊಡ್ಡವನು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗದ್ದೆ ಬದಿಗೆ ಹೋಗುತ್ತಿದ್ದವನು. ಅವನು ಸೈನ್ಯಕ್ಕೆ ಸೇರಿದ್ದು ಮಾಂಯ್‌ಗೆ ಸುತರಾಂ ಇಷ್ಟವಿರಲಿಲ್ಲ. ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದರೂ ಅಡ್ಡಿಯಿಲ್ಲ ಎಂದಿದ್ದಳು. ಆದರೆ ಅವನು ಕಾಗದ ತಂದು ಪಪ್ಪಾನ ಮುಂದೆ ಇಟ್ಟ, ಪಪ್ಪಾ ಕನ್ನಡಕ ಹಾಕಿ ಪೂರ್ತಿ ಓದಿ ಸಹಿ ಮಾಡಿದರು. ಆ ಸಹಿಯ ವಿಷಯ ನಮ್ಮ ಮನೆಯಲ್ಲಿ ಎಲ್ಲ ಜಗಳಗಳ ಕೊನೆಗೆ ಬರುತ್ತಿತ್ತು. ಬಾವಿಯ ಹಗ್ಗ ಹಳತಾಯಿತು ಎಂದು ಶುರುವಾದ ಜಗಳವೂ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಪಪ್ಪಾ ಆಗ ಪೇಪರು ಮುಖಕ್ಕೆ ಹಿಡಿಯುತ್ತಿದ್ದರು.

ಈಗ ನಮ್ಮ ಮೊಂತಿ ಹಬ್ಬದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗದು. ಸೆಪ್ಟೆಂಬರಿನಲ್ಲಿ ಮರಿಯ ಮಾತೆ ಹುಟ್ಟಿದ ದಿನ. ನಾವು ಮಕ್ಕಳು ಬುಟ್ಟಿಯಲ್ಲಿ ಹೂವು ಕೊಂಡುಹೋಗಿ ಇಗರ್ಜಿಯಲ್ಲಿ ಅರ್ಪಿಸುವುದು, ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುವುದು. ಆ ತೆನೆ ಕಮಲಕ್ಕನ ಗದ್ದೆಯದ್ದೇ ಆಗಿರುತ್ತಿತ್ತು. ಅವರು ಮೊದಲ ತೆನೆ ತಮ್ಮ ಮನೆಗೆ ಕಟ್ಟಿ, ಎರಡನೆಯದನ್ನು ನಮ್ಮ ಇಗರ್ಜಿಗೆ ಕಳಿಸುತ್ತಿದ್ದರು. ಮನೆಗೆ ಬಂದ ತೆನೆಯ ಕಾಳನ್ನು ಮಾಂಯ್ ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಿದ್ದಳು. ಆಮೇಲೆ ಬಾಳೆ ಎಲೆಯ ಮೇಲೆ ಊಟ, ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಮನೆಯವರು ಎಲ್ಲಿದ್ದರೂ ಆ ಕಾಳು ಅವರ ಹೊಟ್ಟೆಗೆ ಹೋಗಬೇಕು. ದೂರದಲ್ಲಿರುವವರಿಗೆ ಕೆಲವು ಕಾಳನ್ನು ಕಾಗದದಲ್ಲಿ ಮಡಚಿ ಟಪಾಲಿನಲ್ಲಿ ಕಳಿಸುವುದು ನಮ್ಮವರ ಕ್ರಮ. ಅವರು ಅಲ್ಲಿ ಸುಲಿದು ಬಾಯಿಗೆ ಹಾಕಿದರೆ ಇಲ್ಲಿ ಹಬ್ಬ ಪೂರ್ತಿಯಾದ ಹಾಗೆ. ಗ್ರೆಗುವಿಗೆ ಮಾಂಯ್ ಪ್ರತಿ ವರ್ಷ ಕಳಿಸುತ್ತಿದ್ದಳು. ಊರಿನ ಹೆಸರೇ ಇಲ್ಲದ, ಬರೀ ನಂಬರಿನ ವಿಳಾಸಕ್ಕೆ.

ಆ ವರ್ಷವೂ ಕಳಿಸಿದಳು. ಅಕ್ಟೋಬರಿನಲ್ಲಿ ಯುದ್ಧ ಶುರುವಾಯಿತು. ಗ್ರೆಗುವಿನ ಕಾಗದ ನಿಂತುಹೋಯಿತು. ಕಂಕನಾಡಿಯ ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸರೂ ಹಿಮದ ಬಗ್ಗೆ ಮಾತನಾಡುತ್ತಿದ್ದರು, ಒಬ್ಬರೂ ಹಿಮ ನೋಡಿದವರಲ್ಲ. ಸೈನಿಕರಿಗೆ ಉಣ್ಣೆಯ ಟೊಪ್ಪಿ ಹೆಣೆಯಬೇಕೆಂದು ನಮ್ಮ ವಾಡೆಯ, ಅಂದರೆ ಇಗರ್ಜಿಯ ನಮ್ಮ ಕೇರಿಯ, ಹೆಂಗಸರೆಲ್ಲ ಕಡ್ಡಿ ಹಿಡಿದರು. ಬೆವರಿ ಬೆವರಿ ಕೈ ಜಾರುತ್ತಿತ್ತು. ಮಾಂಯ್ ಹೆಣೆದದ್ದು ಟೊಪ್ಪಿಯೋ ಚೀಲವೋ ಎಂದು ಹೇಳುವುದು ಕಷ್ಟವಾಗಿತ್ತು. ಪಪ್ಪಾ ಪೇಪರನ್ನು ಗಟ್ಟಿಯಾಗಿ ಓದುವುದನ್ನು ಬಿಟ್ಟು ಮನಸ್ಸಿನಲ್ಲೇ ಓದತೊಡಗಿದರು. ಯುದ್ಧ ನಿಂತಿತು ಎಂದು ಪೇಪರಿನಲ್ಲಿ ಬಂತು, ಗ್ರೆಗುವಿನಿಂದ ಮಾತ್ರ ಏನೂ ಬರಲಿಲ್ಲ.

ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮಾಂಯ್ ಮನಸ್ಸಿಲ್ಲದ ಮನಸ್ಸಿನಿಂದ ಕುಲ್ಕುಲ್ ಎಂಬ ಕರಿದ ಸಿಹಿತಿಂಡಿಯನ್ನು ಸ್ವಲ್ಪ ಮಾಡುತ್ತಿದ್ದಾಗ, ಟಪಾಲಿನ ಬಾಬಣ್ಣ ಬಂದರು. ಯಾವಾಗಲೂ ಬೇಲಿಯಿಂದಲೇ ಕೂಗುವವರು ಅಂದು ಮೆಟ್ಟಿಲ ಮೇಲೆ ಹತ್ತಿ ಬಂದು ಲಕೋಟೆಯನ್ನು ಪಪ್ಪಾನ ಕೈಗೇ ಕೊಟ್ಟರು. ಮಾಂಯ್‌ದೇ ಅಕ್ಷರ, ಗ್ರೆಗುವಿನದೇ ಹೆಸರು, ಮೇಲೆ ನೇರಳೆ ಬಣ್ಣದ ಒಂದು ಮುದ್ರೆ. ಸೆಪ್ಟೆಂಬರಿನಲ್ಲಿ ಕಳಿಸಿದ್ದು ತಿರುಗಿ ಬಂದಿತ್ತು. ಮಾಂಯ್ ಮೈದಾ ಮೆತ್ತಿದ ಕೈಯಲ್ಲೇ ಅದನ್ನು ಕಿತ್ತುಕೊಂಡು ನಡುವನ್ನು ಹೆಬ್ಬೆರಳಿನಿಂದ ಒತ್ತಿದಳು.

“ಕಾಳು ಒಳಗೇ ಉಂಟು,” ಎಂದಳು. “ಅವನು ತಿನ್ನಲಿಲ್ಲ.”

“ಅವರ ಪಲ್ಟನ್ ಜಾಗ ಬದಲಾಯಿಸಿದೆ ಅಂತ ಇದರ ಮೇಲೆ ಬರೆದದ್ದು,” ಎಂದರು ಪಪ್ಪಾ. “ಅಷ್ಟೇ. ಬೇರೆ ಎಂತದ್ದೂ ಇಲ್ಲ.”

“ಅವನ ಪಾಲು ಮನೆಗೆ ವಾಪಸು ಬಂದಿದೆ. ನೀವು ಅಷ್ಟೇ ಅಂತ ಹೇಳ್ತೀರಿ.”

“ನೀನು ಸುಮ್ಮನೆ ಇಲ್ಲದ್ದೆಲ್ಲ ಮನಸ್ಸಿಗೆ ಹಚ್ಚಿಕೊಳ್ಬೇಡ ಮಾರಾಯ್ತಿ.”

“ಸಹಿ ಹಾಕಿದವರು ನೀವು. ನಿಮಗೆ ಹಾಗೆ ಹೇಳ್ಲಿಕ್ಕೆ ಆಗ್ತದೆ.”

ಪಪ್ಪಾ ಅಂಗಳಕ್ಕೆ ಹೋದರು. ಅಂದಿನ ಕುಲ್ಕುಲ್ ಕರಟಿಹೋಯಿತು. ಮಾಂಯ್ ಲಕೋಟೆ ಒಡೆದು, ಕಾಳುಗಳನ್ನು ಒಂದು ಸಣ್ಣ ಗಾಜಿನ ಬಟ್ಟಲಿಗೆ ಹಾಕಿ ಆಲ್ತಾರಿನ ಮೇಲೆ ಇಟ್ಟಳು. ಆ ಬಟ್ಟಲನ್ನು ನೋಡದೆ ಪ್ರಾರ್ಥನೆ ಮಾಡಲು ಸಾಧ್ಯವಿರಲಿಲ್ಲ. ನನಗೆ ಆಗ ಹನ್ನೊಂದು ವರ್ಷ. ತೇರ್ಸ್ ಹೇಳುವಾಗ ಕಣ್ಣು ಮುಚ್ಚಿದರೆ ಗ್ರೆಗುವಿನ ಮುಖ ಬರುತ್ತಿತ್ತು, ತೆರೆದರೆ ಬಟ್ಟಲು ಕಾಣುತ್ತಿತ್ತು. ನಾನು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಅರ್ಧ ತೆರೆದು ಪ್ರಾರ್ಥನೆ ಮಾಡುವುದನ್ನು ಕಲಿತೆ. ಕಮಲಕ್ಕ ಬೇಲಿಯ ಬಳಿ ಮಾಂಯ್‌ನ ಕೈ ಹಿಡಿದುಕೊಂಡು ಹೇಳಿದ್ದು ನೆನಪಿದೆ:

“ನಮ್ಮಲ್ಲಿಯೂ ಹಾಗೇ ಬಾಯಮ್ಮ. ಹೊಸ ಅಕ್ಕಿ ಊಟಕ್ಕೆ ಮನೆಯವರೆಲ್ಲ ಆಗಬೇಕು. ಇವರಿಗೆ ಗಂಡಸರಿಗೆ ಅದು ಗೊತ್ತಾಗುವುದಿಲ್ಲ. ಆದರೆ ಕಾಳು ನನ್ನ ಗದ್ದೆಯದ್ದು, ಅದು ಹಾಗೆಲ್ಲ ಕೈ ಬಿಡುವ ಕಾಳಲ್ಲ.”

ಜನವರಿಯಲ್ಲಿ ರಜೆ ಮುಗಿದು ಶಾಲೆ ಶುರುವಾದಾಗ ನಮ್ಮ ಹೆಡ್ ಮಿಸ್ಟ್ರೆಸ್ ಸಿಸ್ಟರ್ ಬೆನಡಿಕ್ಟಾ ಅಸೆಂಬ್ಲಿಯಲ್ಲಿ ಒಂದು ವಿಷಯ ಹೇಳಿದರು. ಗಣರಾಜ್ಯದ ದಿನಕ್ಕೆ ಗಡಿಯಲ್ಲಿರುವ ಜವಾನರಿಗೆ ನಾವು ಕೈಯಾರೆ ಶುಭಾಶಯದ ಕಾರ್ಡು ಮಾಡಿ ಕಳಿಸಬೇಕು. ಯಾವ ಜವಾನನಿಗೆ ಯಾವ ಕಾರ್ಡು ಎಂದು ಇಲ್ಲ. ಎಲ್ಲವನ್ನೂ ಕಟ್ಟು ಕಟ್ಟಿ ಒಟ್ಟಿಗೆ ಕಳಿಸುವುದು, ಅಲ್ಲಿ ಅವರು ಹಂಚುತ್ತಾರೆ. ಕಾರ್ಡಿನ ಮೇಲೆ ಬಾವುಟ: ಕೇಸರಿ ಮೇಲೆ, ಹಸಿರು ಕೆಳಗೆ, ತಪ್ಪಬಾರದು. ಚಕ್ರದ ಕಡ್ಡಿಗಳು ಇಪ್ಪತ್ತನಾಲ್ಕು, ಒಂದು ಕಡಿಮೆಯಾದರೂ ವಾಪಸು. ಹಿಂದೆ ಹೆಸರು, ಕ್ಲಾಸು, ಶಾಲೆಯ ವಿಳಾಸ. ತಿನ್ನುವ ವಸ್ತು ಏನನ್ನೂ ಇಡಬಾರದು, ಹುಳ ಬಂದು ಇಡೀ ಕಟ್ಟು ಹಾಳಾಗುತ್ತದೆ. ಚಿತ್ರ ಬಿಡಿಸುವುದರಲ್ಲಿ ನಾನು ಮುಂದೆ ಇದ್ದವಳು, ಆದ್ದರಿಂದ ನನಗೆ ಇತರರಿಗಿಂತ ಹೆಚ್ಚು ಕಾರ್ಡುಗಳು. ಮನೆಗೆ ಓಡಿ ಬಂದು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ತಿನ್ನುವ ವಸ್ತುವಿನ ಮಾತನ್ನೂ ಹೇಳಿದೆ. ಮಾಂಯ್‌ಗೆ ಅದು ಕೇಳಿಸಿತೋ ಇಲ್ಲವೋ. ಅವಳು ಆಲ್ತಾರಿನ ಕಡೆ ನೋಡುತ್ತಿದ್ದಳು.

“ಕಾಗದ ಹೋಗದ ಕಡೆಗೆ ಈ ಕಾರ್ಡು ಹೋಗ್ತದಾ?” ಎಂದು ಕೇಳಿದಳು.

“ಎಲ್ಲ ಜವಾನರಿಗೂ ಹೋಗ್ತದಂತೆ ಮಾಂಯ್.”

“ಹಾಗಾದರೆ ಅವನಿರುವಲ್ಲಿಗೂ ಹೋಗ್ತದೆ.”

ಅವಳ ಯೋಚನೆ ಹೀಗಿತ್ತು. ಚಕ್ರವನ್ನು ಬೇರೆ ದಪ್ಪ ಕಾಗದದ ಮೇಲೆ ಬರೆದು, ದುಂಡಗೆ ಕತ್ತರಿಸಿ, ಬಿಳಿಯ ಪಟ್ಟಿಯ ಮೇಲೆ ಅಂಟಿಸುವುದು. ಅಂಟಿಸುವಾಗ ನಡುವಿನಲ್ಲಿ ಒಂದು ಭತ್ತದ ಕಾಳು. ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಅದರ ಅರ್ಥ ಗೊತ್ತಾಗದು. ಗ್ರೆಗುವಿನ ಕೈಗೆ ಬಂದರೆ ಬೆರಳಿಗೆ ತಾಗಿದ ಕೂಡಲೇ ಗೊತ್ತಾಗುತ್ತದೆ, ತೆಗೆದು ತಿನ್ನುತ್ತಾನೆ. ಅಷ್ಟು ದೊಡ್ಡ ಸೈನ್ಯದಲ್ಲಿ ನಮ್ಮ ಕಾರ್ಡು ಅವನಿಗೇ ಹೇಗೆ ಸಿಗುತ್ತದೆ ಎಂದು ಪಪ್ಪಾ ಕೇಳಿದರು. ಅದನ್ನು ದೇವರಿಗೆ ಬಿಡಿ, ನೀವು ನೀಲಿ ತನ್ನಿ ಎಂದಳು ಮಾಂಯ್. ಪಪ್ಪಾ ಎದ್ದು ಹೋಗಿ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ತಂದುಕೊಟ್ಟರು. ಜಗಳದ ಬದಲು ಅವರು ನೀಲಿ ತಂದದ್ದು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು. ಪಪ್ಪಾ ಕೂಡ ನಂಬತೊಡಗಿದ್ದಾರೆ ಎಂದರೆ ಸಂಗತಿ ನಿಜವಾಗಿಯೂ ಕೆಟ್ಟಿದೆ ಎಂದೇ ನಾನು ತಿಳಿದೆ.

ಬಣ್ಣಕ್ಕೆಂದು ಅಂಗಡಿಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಅರಸಿನಕ್ಕೆ ಎಲೆ ಅಡಿಕೆಯ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಸುಣ್ಣ ಕಡಿಮೆ ಮಾಡುತ್ತಾ ಬಂದರೆ ಒಂದು ಹಂತದಲ್ಲಿ ಸರಿಯಾದ ಕೇಸರಿ. ಸುಣ್ಣವನ್ನು ಕಮಲಕ್ಕನೇ ತಮ್ಮ ಡಬ್ಬಿಯಿಂದ ಕೊಟ್ಟರು. ಹಸಿರಿಗೆ ಕ್ರಿಸ್ಮಸ್ಸಿನ ನಕ್ಷತ್ರದ ಗೂಡುದೀಪಕ್ಕೆ ಅಂಟಿಸಲು ಇಟ್ಟಿದ್ದ ಬಣ್ಣದ ಕಾಗದ. ಆ ವರ್ಷ ನಕ್ಷತ್ರವನ್ನು ಕಟ್ಟಿರಲಿಲ್ಲ, ಹಾಗಾಗಿ ಕಾಗದ ಮಾಸಿರಲಿಲ್ಲ. ಚಕ್ರಕ್ಕೆ ನೀಲಿ. ಇಪ್ಪತ್ತನಾಲ್ಕು ಕಡ್ಡಿ ಎಳೆಯುವುದು ನನ್ನ ಕೆಲಸ. ಗೆರೆ ಸ್ವಲ್ಪ ಓರೆಯಾದರೆ ಒಂದು ಕಡ್ಡಿ ಇನ್ನೊಂದರ ಮೇಲೆ ಹತ್ತುತ್ತಿತ್ತು. ಆಗ ಚಕ್ರ ಹಾಳು, ಚಕ್ರ ಹಾಳಾದರೆ ಗ್ರೆಗು ಬರುವುದಿಲ್ಲ ಎಂದು ನನ್ನಷ್ಟಕ್ಕೇ ಕರಾರು ಮಾಡಿಕೊಂಡಿದ್ದೆ. ಇಂಥ ಕರಾರುಗಳನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಸಲ ಈ ಚಾಳಿ ಹಿಡಿದರೆ ಬಿಡುವುದು ಕಷ್ಟ, ನೋಡಿ. ನನ್ನ ಹೆರಿಗೆಯ ಹೊತ್ತಿಗೂ ಆಸ್ಪತ್ರೆಯ ಕಿಟಕಿಯ ಸರಳುಗಳನ್ನು ಎಣಿಸುತ್ತಾ ಅದೇ ಕೆಲಸ ಮಾಡಿದ್ದೇನೆ.

ಗೋಂದು ಮನೆಯದ್ದೇ. ಮೈದಾವನ್ನು ನೀರಿನಲ್ಲಿ ಕಾಯಿಸಿ ಗಂಜಿಯ ಹಾಗೆ ಮಾಡುವುದು. ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಹಾಕಬೇಕು. ನೀಲಿ ಹರಳು, ವಿಷ. ಆದರೆ ಹಾಕದಿದ್ದರೆ ನಮ್ಮ ಊರಿನ ಸೆಕೆಗೆ, ನಮ್ಮ ಊರಿನ ಜಿರಳೆಗಳಿಗೆ ಮೈದಾ ಅಂಟು ಎಂದರೆ ಮದುವೆ ಊಟ. ನಾನು ಕಪಾಟಿನ ಮೇಲಿಂದ ಮೈಲುತುತ್ತಿನ ಕುಪ್ಪಿ ತೆಗೆದುಕೊಟ್ಟೆ. ಮಾಂಯ್ ಅದನ್ನು ಮುಚ್ಚಳವನ್ನೂ ತೆರೆಯದೆ ತಿರುಗಿ ಕೊಟ್ಟಳು.

“ಬೇಡ. ತಿನ್ಲಿಕ್ಕುಂಟು ಅವನಿಗೆ.”

“ಜಿರಳೆ ತಿಂದರೆ?”

“ಒಂದು ರಾತ್ರಿಗೆ ಎಂತ ಆಗುವುದಿಲ್ಲ. ಬೆಳಿಗ್ಗೆ ನೀನು ಶಾಲೆಗೆ ಕೊಂಡುಹೋಗ್ತಿಯಲ್ಲ.”

ಬಟ್ಟಲಿನ ಕಾಳುಗಳು ಒಂದೊಂದಾಗಿ ಚಕ್ರಗಳ ಕೆಳಗೆ ಹೋದವು. ಕೊನೆಯ ಕಾರ್ಡಿನ ಕೇಸರಿ ಮಾತ್ರ ಸರಿಯಾಗಿ ಒಣಗಿರಲಿಲ್ಲವೆಂದು ಅದನ್ನು ನಾನು ಅಡುಗೆಮನೆಯ ಒಲೆಯ ಮೇಲಿನ ತಂತಿಗೆ ಸಿಕ್ಕಿಸಿ ಬಂದೆ. ಉಳಿದವನ್ನು ಮೇಜಿನ ಮೇಲೆ ಸಾಲಾಗಿ ಹರಡಿ ಮಲಗಿದೆವು. ಬೆಳಿಗ್ಗೆ ಮಾಂಯ್ ಬಾಗಿಲು ತೆರೆದು ಬಾವಿಗೆ ಹೋದಳು. ತಿರುಗಿ ಬರುವಾಗ ಅವಳು ಹಾಕಿದ ಕೂಗಿಗೆ ನಾನು ಎದ್ದು ಓಡಿದೆ. ಜಿರಳೆಗಳು ಅಂಟನ್ನು ನೆಕ್ಕಿ ನೆಕ್ಕಿ ಚಕ್ರಗಳನ್ನೆಲ್ಲ ಬಿಡಿಸಿಹಾಕಿದ್ದವು. ಕಾಳುಗಳು ಮೇಜಿನ ಮೇಲೆ ಬಿದ್ದಿದ್ದವು, ಮೇಜಿನ ಆ ಗಿಡ್ಡ ಕಾಲಿನ ಕಡೆಗೆ ಉರುಳಿ ನೆಲಕ್ಕೂ ಬಿದ್ದಿದ್ದವು, ಮತ್ತು ತೆರೆದ ಬಾಗಿಲಿನಿಂದ ಒಳಗೆ ಬಂದ ನಮ್ಮ ಬೊಟ್ಟಿನ ಕೋಳಿ ಅವನ್ನು ಹೆಕ್ಕಿ ಮುಗಿಸಿತ್ತು. ಇನ್ನೂ ಅಲ್ಲೇ ನಿಂತು ಬೇರೆ ಉಂಟಾ ಎನ್ನುವ ಹಾಗೆ ತಲೆ ಓರೆ ಮಾಡಿ ನೋಡುತ್ತಿತ್ತು. ಮಾಂಯ್ ನೆಲದ ಮೇಲೆ ಕೂತುಬಿಟ್ಟಳು.

“ನನ್ನ ಮಗನ ಪಾಲನ್ನು ಕೋಳಿ ತಿಂದಿತು,” ಎಂದಳು. ಅತ್ತಳು ಎನ್ನುವ ಹಾಗಿಲ್ಲ, ದನಿಯೇ ಇರಲಿಲ್ಲ. ಪಪ್ಪಾ ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಅವರು ಹಾಗೆ ನೆಲದ ಮೇಲೆ ಕೂತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

“ಸಹಿ ಹಾಕಬಾರದಿತ್ತು,” ಎಂದರು. “ನನಗೂ ಅದು ಗೊತ್ತುಂಟು.”

ಆಗ ನನಗೆ ಒಲೆಯ ಮೇಲಿನ ಕಾರ್ಡು ನೆನಪಾಯಿತು. ಓಡಿಹೋಗಿ ತಂದೆ. ಹೊಗೆಗೆ ಜಿರಳೆ ಹತ್ತಿರ ಬಂದಿರಲಿಲ್ಲ. ಬಿಳಿಯ ಪಟ್ಟಿ ಸ್ವಲ್ಪ ಹಳದಿಗೆ ತಿರುಗಿತ್ತು, ಹೊಗೆಯ ವಾಸನೆ ಬರುತ್ತಿತ್ತು, ಆದರೆ ಚಕ್ರ ಗಟ್ಟಿಯಾಗಿತ್ತು. ಮಾಂಯ್ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಪಪ್ಪಾ ಒತ್ತಿ ನೋಡಿದರು. ನಾನೂ ನೋಡಿದೆ. ಕಾಳು ಇತ್ತು. ಅಂದು ನಾನು ಶಾಲೆಗೆ ರಜೆ ಹಾಕಿ, ಉಳಿದ ಕಾರ್ಡುಗಳಿಗೆ ಹೊಸ ಚಕ್ರ ಬರೆದು, ಮೈಲುತುತ್ತು ಹಾಕಿದ ಗೋಂದಿನಿಂದ ಅಂಟಿಸಿದೆ. ಅವುಗಳಲ್ಲಿ ಕಾಳಿರಲಿಲ್ಲ. ಗ್ರೆಗುವಿನ ಪಾಲು ಎಂದು ಉಳಿದದ್ದು ಆ ಒಂದೇ ಕಾಳು, ಅದು ಇದ್ದದ್ದು ಆ ಒಂದೇ ಕಾರ್ಡಿನಲ್ಲಿ.

ಮರುದಿನ ಶಾಲೆಗೆ ನಡೆದದ್ದು ನನಗೆ ಇಂದಿಗೂ ಕಾಲಿನಲ್ಲಿ ನೆನಪಿದೆ. ಈಗ ಫ್ಲೈಓವರ್, ಬಸ್ಸು, ಹಾರ್ನು ತುಂಬಿದ ಪಂಪ್‌ವೆಲ್ ಕಡೆಗೆ ಆಗ ಇಳಿದರೆ ಗದ್ದೆಯ ಬದು. ಬದುವಿನಲ್ಲಿ ಜಾರಿದರೆ ಎಂದು ಹೆದರಿ, ಸುತ್ತು ಬಳಸಿ ಡಾಮರು ರಸ್ತೆಯಲ್ಲೇ ಹೋದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಚೀಲಕ್ಕೆ ಕೈ ಹಾಕಿ ಒತ್ತುವುದು. ಸಿಸ್ಟರ್ ಬೆನಡಿಕ್ಟಾ ಪ್ರತಿ ಕಾರ್ಡನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಡ್ಡಿಗಳನ್ನು ಎಣಿಸಿ, ಅಂಗೈಯಿಂದ ಸವರಿ, ಪಕ್ಕಕ್ಕೆ ಇಡುತ್ತಿದ್ದರು. ಹೊಗೆ ವಾಸನೆಯ ಕಾರ್ಡು ಬಂದಾಗ ಮೂಗು ಮುರಿದರು. ಆಮೇಲೆ ಅಂಗೈ ನಿಂತಿತು.

“ಇದರಲ್ಲಿ ಏನಿದೆ?”

ನಾನು ಅವರ ಅಂಗೈಯನ್ನೇ ನೋಡಿದೆ.

“ಫ್ಲೇವಿಯಾ, ನಿನ್ನನ್ನು ಕೇಳುತ್ತಿದ್ದೇನೆ.”

“ಮೊಂತಿ ಹಬ್ಬದ ಕಾಳು, ಸಿಸ್ಟರ್.”

ಅಷ್ಟು ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ತಿರುಗಿ ಬಂದ ಲಕೋಟೆ, ಬಟ್ಟಲು, ಕೋಳಿ, ಎಲ್ಲವನ್ನೂ ಬಿಕ್ಕುತ್ತಾ ಹೇಳಿಬಿಟ್ಟೆ. ಕೋಳಿಯ ವಿಷಯಕ್ಕೆ ಹಿಂದೆ ನಿಂತ ಹುಡುಗಿಯರು ನಕ್ಕರು. ಸಿಸ್ಟರ್ ಅವರ ಕಡೆ ಒಮ್ಮೆ ನೋಡಿದರು, ನಗು ನಿಂತಿತು.

“ಪವಿತ್ರವಾದದ್ದನ್ನು ಹೀಗೆ ಚಿತ್ರಕ್ಕೆ ಅಂಟಿಸಬಾರದು. ನಿನ್ನ ಮಾಂಯ್‌ಗೆ ಅಷ್ಟು ಗೊತ್ತಿಲ್ಲವಾ? ತಿನ್ನುವ ವಸ್ತು ಬೇಡ ಎಂದು ನಾನು ಹೇಳಿಯೂ ಇದ್ದೆ.” ಕಾರ್ಡನ್ನು ತಿರುಗಿಸಿ ನೋಡಿದರು. “ಗೋಂದಿಗೆ ಮೈಲುತುತ್ತು ಹಾಕಿದ್ದೀರಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರಿಗೆ ಕಾರಣ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವರು ನನ್ನ ಮುಖ ನೋಡಲಿಲ್ಲ. ಕಟ್ಟಿದ್ದ ಕಟ್ಟೊಂದರ ದಾರ ಬಿಚ್ಚಿ, ಕಾರ್ಡನ್ನು ಸರಿಯಾಗಿ ನಡುವಿನಲ್ಲಿ ತೂರಿಸಿ, ತಾವೇ ಮತ್ತೆ ಬಿಗಿದರು. ಸುತ್ತ ಎರಡು ಬೇವಿನ ಎಲೆಯನ್ನೂ ಸಿಕ್ಕಿಸಿದರು, ಹುಳಕ್ಕೆಂದು.

“ನಡುವಿನಲ್ಲಿದ್ದರೆ ಉಬ್ಬು ಕಾಣುವುದಿಲ್ಲ,” ಎಂದರು. “ಹೋಗು, ಮುಖ ತೊಳೆದುಕೋ.”

ಆಮೇಲೆ ಕಾಯುವುದು. ಗಣರಾಜ್ಯದ ದಿನ ಬಂತು, ಬಾವುಟ ಹಾರಿತು, ಮಿಠಾಯಿ ಹಂಚಿದರು. ನಾನು ತಿನ್ನಲಿಲ್ಲ, ಜೇಬಿನಲ್ಲಿಟ್ಟುಕೊಂಡು ಬಂದು ಮಾಂಯ್‌ಗೆ ಕೊಟ್ಟೆ, ಅವಳೂ ತಿನ್ನಲಿಲ್ಲ. ಫೆಬ್ರವರಿಯ ಕೊನೆಗೆ ಸಿಸ್ಟರ್ ನನ್ನನ್ನು ಆಫೀಸಿಗೆ ಕರೆದರು. ಕೈಯಲ್ಲಿ ಒಂದು ಪೋಸ್ಟ್ ಕಾರ್ಡು. ಹಿಂದಿಯಲ್ಲಿ ಇತ್ತು. ನನಗೆ ಕಾಲು ಭೂಮಿಯ ಮೇಲೆ ನಿಲ್ಲಲಿಲ್ಲ, ಗ್ರೆಗುವಿಗೆ ಈಗ ಹಿಂದಿ ಬರುತ್ತದೆ ಎಂದುಕೊಂಡೆ. ಅದು ಗ್ರೆಗುವಿನದ್ದಾಗಿರಲಿಲ್ಲ. ಬಲವೀರ ಎಂಬ ಯಾರೋ ಜವಾನ. ಸಿಸ್ಟರ್ ಓದಿ ಹೇಳಿದರು: ತಂಗಿ, ನಿನ್ನ ಕಾರ್ಡು ಸಿಕ್ಕಿತು. ಅದರಿಂದ ನಮ್ಮ ಅಡುಗೆಮನೆಯ ಹೊಗೆಯ ವಾಸನೆ ಬಂತು. ಚಕ್ರದೊಳಗೆ ಭತ್ತದ ಕಾಳಿತ್ತು. ನಮ್ಮ ಊರಿನಲ್ಲಿಯೂ ಭತ್ತ ಬೆಳೆಯುತ್ತೇವೆ. ಯಾಕೆ ಇಟ್ಟೆ ಎಂದು ಗೊತ್ತಾಗಲಿಲ್ಲ, ಆದರೆ ಎಸೆಯಲು ಮನಸ್ಸಾಗಲಿಲ್ಲ. ಸುಲಿದು ತಿಂದೆ.

ಆ ಕಾರ್ಡನ್ನು ಮನೆಗೆ ತಂದು ಹೇಗೆ ಹೇಳಿದೆನೋ. ಮಾಂಯ್ ಕೇಳಿಸಿಕೊಂಡು ತಿರುಗಿ ಒಲೆಯ ಕಡೆ ಹೋದಳು. ಮೀನಿಗೆ ಉಪ್ಪು ಹಾಕುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದಳು:

“ಬೇರೆ ಯಾರದೋ ಮಗ ತಿಂದ. ನನ್ನವನಿಗೆ ಎಂತ ಉಳಿಯಿತು?”

ಆ ಮಾರ್ಚ್ ಏಪ್ರಿಲ್ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಮಾಂಯ್ ಗುರುವಾರ ಗುರುವಾರ ಬಾಲ ಯೇಸುವಿನ ಇಗರ್ಜಿಗೆ ನಡೆದು ಹೋಗುವಳು, ಬರುವಾಗ ಯಾರ ಮುಖವನ್ನೂ ನೋಡದೆ ಬರುವಳು. ಪಪ್ಪಾ ಕಾರ್ಖಾನೆಯ ಮಾಲೀಕರ ಮೂಲಕ ಯಾರು ಯಾರಿಗೋ ಬರೆಸಿದರು. ಮೇ ತಿಂಗಳ ಒಂದು ಮಧ್ಯಾಹ್ನ, ನಾನು ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದೆ, ಗೇಟಿನಲ್ಲಿ ಒಬ್ಬ ಸಪೂರ ಮನುಷ್ಯ ಟ್ರಂಕು ಇಳಿಸಿದ. ಒಂದು ಕಾಲನ್ನು ಎಳೆಯುತ್ತಾ ಬಂದ. ಕಾಗೆ ಓಡಿಸುವ ಕೋಲನ್ನು ನಾನು ಅವನ ಕಡೆಗೆ ಎತ್ತಿದ್ದೆ. ಫ್ಲೇವಿ, ಹೊಡಿಬೇಡ ಮಾರಾಯ್ತಿ ಎಂದ. ಹಿಮದಲ್ಲಿ ಕಾಲಿನ ಬೆರಳುಗಳು ಹೋಗಿದ್ದವು, ತಿಂಗಳುಗಟ್ಟಲೆ ಜ್ವರದಲ್ಲಿ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಇದ್ದ, ಬರೆಸಿದ ಕಾಗದಗಳು ಎಲ್ಲಿ ಹೋದವೋ ಅವನಿಗೂ ಗೊತ್ತಿಲ್ಲ. ಮಾಂಯ್ ಅವನ ತಲೆ, ಭುಜ, ಕೈಗಳನ್ನು ಒತ್ತಿ ಒತ್ತಿ ನೋಡಿದಳು, ಲಕೋಟೆ ನೋಡಿದ ಹಾಗೆಯೇ. ಆಮೇಲೆ ಬಲವೀರನ ವಿಷಯ ಹೇಳಿದಳು.

“ಹಸಿದವನು ತಿಂದಿರ್ತಾನೆ, ಬಿಡಿ ಮಾಂಯ್,” ಎಂದ ಗ್ರೆಗು. “ಅಲ್ಲಿ ನಮಗೆ ಮನೆಯ ವಾಸನೆ ಬಂದರೆ ಕಾಗದವನ್ನೇ ತಿನ್ನುವ ಹಾಗಾಗ್ತಿತ್ತು.”

ಮಾಂಯ್‌ನ ತಲೆಯಲ್ಲಿ ಆ ದಿನವೇ ಒಂದು ತೀರ್ಮಾನ ಆಗಿರಬೇಕು. ಸೆಪ್ಟೆಂಬರಿನಲ್ಲಿ ತೆನೆ ಬಂದಾಗ ಮನೆಯವರಿಗೆಲ್ಲ ಒಂದೊಂದು ಚಮಚ ಕೊಟ್ಟು, ಕೆಲವು ಕಾಳನ್ನು ಬೇರೆ ಇಟ್ಟಳು. ಆ ಬಲವೀರನ ಬಾಯಿಗೆ ಹೋದ ಮೇಲೆಯೇ ದೇವರು ಇವನನ್ನು ಕಳಿಸಿದ್ದು, ಇನ್ನು ಅವನೂ ನಮ್ಮವನೇ ಎಂದಳು. ಪಪ್ಪಾ ಲಕೋಟೆಯ ಮೇಲೆ ಬಲವೀರನ ನಂಬರಿನ ವಿಳಾಸ ಬರೆದರು. ಅಂದಿನಿಂದ ಪ್ರತಿ ವರ್ಷ. ಅವನಿಂದಲೂ ಪ್ರತಿ ಸಲ ಒಂದು ಸಾಲು ಬಂತು: ಸಿಕ್ಕಿತು, ತಿಂದೆ. ಒಂದು ಸಲ ಅವನ ಊರಿನ ಒಂದು ಚಿಟಿಕೆ ಅಕ್ಕಿಯನ್ನೂ ಕಳಿಸಿದ, ಉದ್ದುದ್ದ, ಎಂಥದೋ ಪರಿಮಳ. ಮಾಂಯ್ ಅದನ್ನು ನಮ್ಮ ಕುಚ್ಚಲಕ್ಕಿಯ ಗಂಜಿಗೇ ಹಾಕಿ ಬೇಯಿಸಿದಳು. ಅವನಿಗೆ ಮದುವೆ ಗೊತ್ತಾಗಿದೆಯಂತೆ ಎಂದು ನಾನು ಓದಿ ಹೇಳಿದಾಗ, ಹುಡುಗಿ ಯಾವ ಊರಿನವಳೋ ಏನೋ ಎಂದು ಚಿಂತೆ ಮಾಡಿದವಳೂ ಅವಳೇ.

ಆಮೇಲೆ, ಅರವತ್ತೈದರಲ್ಲಿ, ಪಾಕಿಸ್ತಾನದ ಜೊತೆ ಯುದ್ಧವಾಯಿತು. ಗ್ರೆಗು ಮನೆಯಲ್ಲೇ ಇದ್ದ, ಕಾಲಿನ ಕಾರಣ ಸೈನ್ಯ ಬಿಟ್ಟು ಪಪ್ಪಾನ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ. ಆದ್ದರಿಂದ ನಮಗೇನೂ ಹೆದರಿಕೆ ಇರಬೇಕಾಗಿರಲಿಲ್ಲ. ಡಿಸೆಂಬರಿನಲ್ಲಿ, ಮಾಂಯ್ ಕುಲ್ಕುಲ್ ಹಿಟ್ಟು ನಾದುತ್ತಿದ್ದಾಗ, ಬಾಬಣ್ಣ ಮತ್ತೆ ಮೆಟ್ಟಿಲು ಹತ್ತಿ ಬಂದರು. ಬಲವೀರನಿಗೆ ಕಳಿಸಿದ್ದ ಲಕೋಟೆ, ಮೇಲೆ ಅದೇ ನೇರಳೆ ಮುದ್ರೆ. ಆದರೆ ಈ ಸಲ ಪಪ್ಪಾನ ಜೊತೆ ನಾನೂ ಓದಿದೆ, ಆ ಹೊತ್ತಿಗೆ ನನಗೆ ಇಂಗ್ಲಿಷ್ ಬರುತ್ತಿತ್ತು. ಅದರಲ್ಲಿ ಜಾಗ ಬದಲಾದ ಮಾತು ಇರಲಿಲ್ಲ. ವಿಳಾಸದ ವ್ಯಕ್ತಿ ತೀರಿಕೊಂಡಿದ್ದಾನೆ ಎಂದಿತ್ತು.

“ಎಂತ ಬರೆದಿದ್ದಾರೆ?” ಎಂದು ಮಾಂಯ್ ಕೇಳಿದಳು.

“ಜಾಗ ಬದಲಾಯಿಸಿದ್ದಾರೆ ಅಂತ,” ಎಂದರು ಪಪ್ಪಾ.

ಅವಳು ಪಪ್ಪಾನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನನ್ನ ಮುಖ ಯಾವ ಕಾಲಕ್ಕೂ ಗುಟ್ಟು ಇಟ್ಟುಕೊಂಡ ಮುಖವಲ್ಲ. ಲಕೋಟೆಯನ್ನು ತೆಗೆದುಕೊಂಡು ನಡುವನ್ನು ಒತ್ತಿ ನೋಡಿದಳು. ಕಾಳು ಒಳಗೇ ಉಂಟು ಎಂದು ಹೇಳಲಿಲ್ಲ. ಆ ಗಾಜಿನ ಬಟ್ಟಲನ್ನು ತೊಳೆದು ಒರೆಸಿ, ಕಾಳುಗಳನ್ನು ಅದಕ್ಕೆ ಹಾಕಿ ಆಲ್ತಾರಿನ ಮೇಲೆ ಇಟ್ಟಳು. ಅಂದು ಕುಲ್ಕುಲ್ ಒಂದೂ ಕರಟಲಿಲ್ಲ, ಪೂರ್ತಿ ಮುಗಿಸಿ ಎದ್ದಳು.

ಜನವರಿಯಲ್ಲಿ ಆ ವರ್ಷ ನಮ್ಮ ಶಾಲೆಯಲ್ಲಿ ಕಾರ್ಡಿನ ಮಾತೇ ಇರಲಿಲ್ಲ. ಗಣರಾಜ್ಯದ ದಿನಕ್ಕೆ ಒಂದು ವಾರ ಇರುವಾಗ ಮಾಂಯ್ ಮೇಜಿನ ಮೇಲೆ ಅರಸಿನ, ಸುಣ್ಣ, ನೀಲಿ ಎಲ್ಲ ತಂದಿಟ್ಟು ನನ್ನನ್ನು ಕರೆದಳು. ಒಂದು ಕಾರ್ಡು ಮಾಡು ಎಂದಳು. ಎಲ್ಲಿಗೆ ಕಳಿಸುವುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಪಪ್ಪಾ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು, ಪುಟ ತಿರುಗಿಸುತ್ತಿರಲಿಲ್ಲ. ಗ್ರೆಗು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಇಪ್ಪತ್ತನಾಲ್ಕು ಕಡ್ಡಿ ಎಳೆದೆ, ಒಂದೂ ತಪ್ಪಲಿಲ್ಲ. ಚಕ್ರ ಕತ್ತರಿಸಿದೆ. ಮಾಂಯ್ ಬಟ್ಟಲಿನಿಂದ ಒಂದು ಕಾಳು ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಮೈದಾ ಕುದಿಯುತ್ತಿತ್ತು. ನಾನು ಅಭ್ಯಾಸದಂತೆ ಕಪಾಟಿನ ಮೇಲೆ ಕೈ ಚಾಚಿ ಕುಪ್ಪಿ ತೆಗೆದೆ.

“ಮಾಂಯ್, ಗೋಂದಿಗೆ ಮೈಲುತುತ್ತು ಹಾಕುವುದಾ?”

“ಬೇಡ,” ಎಂದಳು. “ತಿನ್ಲಿಕ್ಕುಂಟು ಅವನಿಗೆ.”